ಮಂಗಳ ಗ್ರಹದ ಹೈಜಂಪ್

ಜನರನ್ನು ನೇತುಹಾಕುವುದು ನನ್ನ ಕಸುಬು. ಹೀಗೆಂದರೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ಮೊದಲು ನಾಟಕದ ಕಂಪನಿಯೊಂದರಲ್ಲಿ ದೇವತೆಗಳನ್ನೂ ದೆವ್ವಗಳನ್ನೂ ಹಗ್ಗ ಕಟ್ಟಿ ರಂಗದ ಮೇಲೆ ಹಾರಿಸುತ್ತಿದ್ದೆ. ಕಂಪನಿ ಮುಚ್ಚಿದ ಮೇಲೆ ವಿಜ್ಞಾನ ಕೇಂದ್ರದವರು ಕರೆದು ಹಗ್ಗ, ರಾಟೆ, ತೂಕದ ಬಿಲ್ಲೆಗಳ ಉಸ್ತುವಾರಿ ಕೊಟ್ಟರು. ದೆವ್ವಗಳು ಹೋಗಿ ಗ್ರಹಗಳು ಬಂದವು, ಅಷ್ಟೇ.

ಕೇಂದ್ರದಲ್ಲಿ ಆ ವರ್ಷ ಹೊಸದಾಗಿ ಒಂದು ದೊಡ್ಡ ಕೋಣೆ ಎದ್ದಿತ್ತು. ಛಾವಣಿಯ ಉದ್ದಕ್ಕೂ ಅಕ್ಕಪಕ್ಕ ಎರಡು ಹಳಿ, ಒಂದೊಂದರ ಮೇಲೂ ಸರಿದಾಡುವ ಗಾಲಿ, ಗಾಲಿಯಿಂದ ಇಳಿಬಿದ್ದ ಹಗ್ಗ. ಹಗ್ಗದ ಒಂದು ತುದಿ ಮನುಷ್ಯರ ಸೊಂಟಪಟ್ಟಿಗೆ, ಇನ್ನೊಂದು ತುದಿ ಗೋಡೆಯ ಬದಿಯ ಕಬ್ಬಿಣದ ಬಿಲ್ಲೆಗಳಿಗೆ. ಬಿಲ್ಲೆ ಏರಿಸಿದಷ್ಟೂ ಈ ಕಡೆಯ ಮನುಷ್ಯ ಹಗುರ. ಸ್ವಲ್ಪ ಏರಿಸಿದರೆ ಮಂಗಳ, ಇನ್ನಷ್ಟು ಏರಿಸಿದರೆ ಚಂದ್ರ. ಗುರು ಗ್ರಹದ ಭಾರ ತೋರಿಸಬೇಕಾದರೆ ಮಾತ್ರ ಹಗ್ಗ ಬಿಚ್ಚಿ, ಮರಳು ತುಂಬಿದ ಅಂಗಿ ತೊಡಿಸುತ್ತಿದ್ದೆವು. ತೊಟ್ಟವರು ಎರಡು ಹೆಜ್ಜೆ ಇಟ್ಟು, ಗುರುವಿಗೊಂದು ನಮಸ್ಕಾರ ಹಾಕಿ ಕೂತುಬಿಡುತ್ತಿದ್ದರು.

ಈ ಕೋಣೆಯ ಯೋಜನೆಯೆಲ್ಲ ನಮ್ಮ ವಿವರಣೆಕಾರನದು. ಗ್ರಹಗಳ ಸುದ್ದಿ ಶುರುಮಾಡಿದರೆ ಊಟದ ಹೊತ್ತು ಮೀರಿದರೂ ಬಾಯಿ ಮುಚ್ಚುವವನಲ್ಲ. ಅದಕ್ಕೇ ಕೇಂದ್ರದಲ್ಲಿ ಎಲ್ಲರೂ ಅವನನ್ನು ‘ಗ್ರಹಚಾರ’ ಎಂದು ಕರೆಯುತ್ತಿದ್ದೆವು, ಎದುರಿಗೇ. ಅವನಿಗೆ ಬೇಸರವೇನೂ ಇರಲಿಲ್ಲ. “ನನ್ನಂಥ ಗ್ರಹಚಾರ ಎಲ್ಲರಿಗೂ ವಕ್ಕರಿಸ್ಲಿ ಅಕ್ಕಾ, ಪ್ರಪಂಚ ಬುದ್ಧಿವಂತ ಆಗತ್ತೆ,” ಅನ್ನುತ್ತಿದ್ದ.

ಬಾಗಿಲು ತೆರೆಯುವ ದಿನ ಹತ್ತಿರ ಬಂದಾಗ ಕೇಂದ್ರದ ನಿರ್ದೇಶಕರು ಒಂದು ತಕರಾರು ತೆಗೆದರು. ಹುಡುಗರೆಲ್ಲ ಹಾರಿ ನೋಡಿದ್ದಾಯಿತು, ವಯಸ್ಸಾದವರು ಹಗ್ಗಕ್ಕೆ ಜೋತುಬಿದ್ದರೆ ಹೇಗಿರುತ್ತದೆ ಎಂದು ಯಾರು ನೋಡಿದ್ದಾರೆ?

“ನಮ್ಮಮ್ಮನ್ನ ಕರ್ಕೊಂಡ್ಬರ್ತೀನಿ ಸರ್,” ಎಂದ ಗ್ರಹಚಾರ.

“ನಮ್ಮತ್ತೇನೂ ಬರ್ತಾರೆ,” ಎಂದೆ ನಾನು, ಅತ್ತೆಯನ್ನು ಒಂದು ಮಾತೂ ಕೇಳದೆ.

ಅತ್ತೆ ಎಂದರೆ ಗಂಡನ ತಾಯಿ ಅಲ್ಲ, ಅಪ್ಪನ ತಂಗಿ. ನಾವಿಬ್ಬರೇ ಒಂದು ಮನೆಯಲ್ಲಿರುವುದು. ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತು ನಿಂತು ಮಂಡಿ ಸವೆಸಿಕೊಂಡವಳು. ಅದಕ್ಕೂ ಮುಂಚೆ, ಇಪ್ಪತ್ತರ ಹರೆಯದಲ್ಲಿ, ಅವಳು ಹೈಜಂಪ್ ಮಾಡುತ್ತಿದ್ದಳು. ಕುಳ್ಳಗೆ ಗಟ್ಟಿಯಾಗಿ ಇದ್ದುಕೊಂಡು ನಿಂತಲ್ಲಿಂದ ಚಂಗನೆ ಚಿಮ್ಮುತ್ತಿದ್ದ ಅವಳಿಗೆ ತರಬೇತಿಯವರು ‘ಮಿಡತೆ’ ಎಂದು ಹೆಸರಿಟ್ಟಿದ್ದರು. ಈಗ ಆ ಮಿಡತೆ ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೆ ಏಳಲು ಎರಡು ಕೈಯೂ ಬೇಕು, ನಾಲ್ಕು ‘ಅಯ್ಯಪ್ಪಾ’ಗಳೂ ಬೇಕು.

ವಿಷಯ ಹೇಳಿದಾಗ ಅವಳು ಬಟಾಣಿ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ.

“ನಾನಾ? ಚಂದ್ರಲೋಕಕ್ಕಾ? ಇಲ್ಲಿಂದ ಬಚ್ಚಲಿಗೆ ಹೋಗಿ ಬರೋದೇ ನಂಗೊಂದು ಯಾತ್ರೆ. ಕೂಳಿಗೆ ದಂಡ, ಭೂಮಿಗೆ ಭಾರ ಅಂತಾರಲ್ಲ, ಅದು ನಾನೇ ಕಣೆ.”

“ಭೂಮಿಗೆ ತಾನೇ ಭಾರ? ಬೇರೆ ಕಡೆ ಅಷ್ಟಿಲ್ವಂತೆ ಅತ್ತೆ.”

ಅವಳ ಬೆರಳು ನಿಂತಿತು. “ಎಷ್ಟು ಕಮ್ಮಿ?”

“ಮಂಗಳದಲ್ಲಿ ಅರ್ಧಕ್ಕಿಂತ ಕಮ್ಮಿ. ಚಂದ್ರನ ಮೇಲೆ ಆರರಲ್ಲಿ ಒಂದು ಪಾಲು.”

ಅತ್ತೆ ಬಟಾಣಿಯ ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟು, ಎರಡು ಕೈಯೂರಿ, ನಾಲ್ಕು ಅಯ್ಯಪ್ಪಾ ಮುಗಿಸಿ ಎದ್ದಳು. “ಕ್ಯಾನ್ವಾಸ್ ಶೂ ಎಲ್ಲಿಟ್ಟಿದೀಯ ನೋಡು.”

ಮರುದಿನ ಬೆಳಿಗ್ಗೆ ಕೇಂದ್ರದ ನರ್ಸಮ್ಮ ಅತ್ತೆಯ ಬಿ.ಪಿ. ನೋಡಿ ತಲೆಯಾಡಿಸಿದರು. ನಾನು ಪಟ್ಟಿ ಕಟ್ಟಿದೆ. ಎಪ್ಪತ್ತೆರಡು ಕೆ.ಜಿ.ಯ ಅತ್ತೆಗೆ ಚಂದ್ರನ ಲೆಕ್ಕದಲ್ಲಿ ಹನ್ನೆರಡು ಕೆ.ಜಿ.ಯಷ್ಟೇ ಉಳಿಯುವಂತೆ ಬಿಲ್ಲೆ ಏರಿಸಿದೆ. ಅವಳು ಕಾಲಿಟ್ಟಳು. ಕಾಲು ಮುಂದೆ ಹೋಯಿತು, ಅತ್ತೆ ಹಿಂದೆ ಉಳಿದಳು.

“ಅಯ್ಯಯ್ಯೋ! ನೆಲಕ್ಕೆ ಎಣ್ಣೆ ಸುರಿದಿದೀರೇನ್ರೋ?”

“ಎಣ್ಣೆ ಅಲ್ಲಮ್ಮಾ,” ಗ್ರಹಚಾರ ಓಡಿಬಂದ. “ನಿಮ್ಮ ತೂಕ ನೆಲವನ್ನ ಒತ್ತಿದ್ರೆ ತಾನೇ ಕಾಲು ಕಚ್ಚಿ ನಿಲ್ಲೋದು? ಚಂದ್ರನ ಮೇಲೆ ಒತ್ತೋದೇ ಕಮ್ಮಿ. ಅಲ್ಲಿಗೆ ಹೋದೋರು ನಡೀಲಿಲ್ಲ, ಕುಪ್ಪಳಿಸ್ಕೊಂಡು ಓಡಾಡಿದ್ರು.”

“ಖಾಲಿ ಬಸ್ಸು ಮಳೇಲಿ ಜಾರತ್ತಲ್ಲ, ಹಾಗೆ ಅನ್ನು.” ಅತ್ತೆ ಹಾಗೆಂದವಳೇ ಎರಡೂ ಕಾಲು ಜೋಡಿಸಿ ಕುಪ್ಪಳಿಸಿದಳು. ಮೇಲೆ ಹೋದಳು. ಹೋಗುತ್ತಲೇ ಇದ್ದಳು. ನಿಧಾನವಾಗಿ, ಯಾರೋ ಎತ್ತಿ ತೊಟ್ಟಿಲಲ್ಲಿ ಮಲಗಿಸುವ ಹಾಗೆ ಕೆಳಗಿಳಿದಳು. ಅವಳ ಬಾಯಿಂದ ಒಂದು ಅಯ್ಯಪ್ಪಾ ಕೂಡ ಬರಲಿಲ್ಲ. ಇಷ್ಟು ಮಾತ್ರ ಹೇಳಿದಳು: “ಕೈ ಮಾತ್ರ ಭೂಮೀಲೇ ಇದೆ ಕಣೋ. ಎತ್ತಿದ್ರೆ ಮಾಮೂಲಿ ಭಾರ.”

“ಅದೊಂದು ನಮ್ಮ ಬಡತನ ಅಮ್ಮಾ. ಹಗ್ಗ ಸೊಂಟ ಎತ್ತತ್ತೆ, ಕೈಕಾಲು ಎತ್ತಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ಗಳುವಿನ ಹಾಗೆ ಉದ್ದದ, ಕೂದಲನ್ನು ಮೋಟಾಗಿ ಕತ್ತರಿಸಿಕೊಂಡ ಹೆಂಗಸೊಬ್ಬರು ಒಳಗೆ ಬಂದರು. “ಅಮ್ಮ ಬಂದ್ರು,” ಎಂದ ಗ್ರಹಚಾರ. ಆ ಅಮ್ಮ ನಾಲ್ಕು ಹೆಜ್ಜೆ ಇಟ್ಟು, ಮತ್ತೊಮ್ಮೆ ಕುಪ್ಪಳಿಸಿ ಗಾಳಿಯಲ್ಲಿದ್ದ ಅತ್ತೆಯನ್ನು ಕಂಡು, ಅಲ್ಲೇ ನಿಂತರು.

“ಮಿಡತೆ?”

ಅತ್ತೆ ಕೆಳಗಿಳಿಯುತ್ತಿದ್ದಳು. “ಕೊಕ್ಕರೆ,” ಎಂದಳು. ಪ್ರಶ್ನೆಯಾಗಿ ಅಲ್ಲ.

ಅವಳು ಮುಖ ತಿರುಗಿಸಿಕೊಳ್ಳಲು ನೋಡಿದಳು. ಆದರೆ ಚಂದ್ರನ ಮೇಲೆ ಮುಖ ತಿರುಗಿಸುವುದು ಸುಲಭವಲ್ಲ. ತಿರುಗಿದ ರಭಸಕ್ಕೆ ಹಗ್ಗ ಒಂದು ಸುತ್ತು ಹಾಕಿ, ಅವಳನ್ನು ಮತ್ತೆ ಕೊಕ್ಕರೆಯ ಎದುರಿಗೇ ತಂದು ನಿಲ್ಲಿಸಿತು. ಇನ್ನೊಮ್ಮೆ ತಿರುಗಿದಳು. ಇನ್ನೊಮ್ಮೆ ಬಂದಳು. ಮೂರನೆಯ ಸಲಕ್ಕೆ ಗ್ರಹಚಾರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ನಾನು ಹೋಗಿ ಅತ್ತೆಯ ಭುಜ ಹಿಡಿದು ನಿಲ್ಲಿಸಿದೆ.

ಕೊಕ್ಕರೆಯ ಕಥೆಯನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಾ ಬಂದಿದ್ದೆ. ಅವರ ಕೊನೆಯ ದೊಡ್ಡ ಸ್ಪರ್ಧೆಯಲ್ಲಿ ಇಬ್ಬರೂ ಒಂದೇ ಎತ್ತರ ದಾಟಿದ್ದರು. ಕೊಕ್ಕರೆ ಮೊದಲ ಯತ್ನಕ್ಕೇ ದಾಟಿದ್ದಳು, ಅತ್ತೆ ಮೂರನೆಯದಕ್ಕೆ. ನಿಯಮದ ಪ್ರಕಾರ ಚಿನ್ನ ಕೊಕ್ಕರೆಗೆ ಹೋಯಿತು. “ಒಂದೇ ಎತ್ತರ ಕಣೆ, ಕೂದಲೆಳೆ ವ್ಯತ್ಯಾಸ ಇಲ್ಲ,” ಎಂದು ಅತ್ತೆ ಹೇಳದ ವರ್ಷವಿಲ್ಲ. ಆಮೇಲೆ ಅತ್ತೆ ಬಸ್ಸು ಹತ್ತಿದಳು, ಕೊಕ್ಕರೆ ಯಾವುದೋ ಶಾಲೆಯಲ್ಲಿ ಆಟದ ಟೀಚರ್ ಆದಳು. ಜಗಳವೇನೂ ಆಗಿರಲಿಲ್ಲ. ಮಾತು ಮಾತ್ರ ಅಲ್ಲಿಗೇ ನಿಂತಿತ್ತು. ಆ ಕೊಕ್ಕರೆ ನಮ್ಮ ಗ್ರಹಚಾರನ ತಾಯಿ ಎಂದು ನನಗಾಗಲಿ, ಅವನಿಗಾಗಲಿ ಹೇಗೆ ಗೊತ್ತಾಗಬೇಕು?

“ಮಂಡೀನಾ?” ಎಂದರು ಕೊಕ್ಕರೆ, ಅತ್ತೆಯ ಕಾಲು ನೋಡುತ್ತಾ.

“ಹೂಂ. ನಿನ್ನದು?”

“ಸೊಂಟದ ಕೀಲು. ಸ್ಟೀಲಿಂದು ಹಾಕಿದಾರೆ. ಡಾಕ್ಟ್ರು ಏನು ಬೇಕಾದ್ರೂ ಮಾಡಿ ಅಂದಿದಾರೆ, ಧೈರ್ಯ ಮಾತ್ರ ಬರ್ತಿಲ್ಲ.”

ಆಮೇಲೆ ಅತ್ತೆ ಛಾವಣಿಯ ಕಡೆ, ಹಗ್ಗದ ಕಡೆ, ಕೊಕ್ಕರೆಯ ಕಡೆ ಒಂದೊಂದು ಸಲ ನೋಡಿದಳು. ಆ ನೋಟ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ಎಲ್ಲಿಗೆ ಹೋಗುತ್ತದೆ ಎಂದು.

“ಒಂದು ಕೈ ನೋಡ್ಬಿಡೋಣ್ವಾ?”

ಕೊಕ್ಕರೆ ಊರುಗೋಲನ್ನು ಮಗನ ಕೈಗೆ ಕೊಟ್ಟರು. “ಯಾವ ಗ್ರಹದಲ್ಲಿ?”

ಗ್ರಹಚಾರನಿಗೆ ಹಬ್ಬವಾಯಿತು. ಮೊದಲು ಶುಕ್ರ. ನಮ್ಮ ಪಕ್ಕದ ಮನೆ, ಅಳತೆಯೂ ಹೆಚ್ಚುಕಮ್ಮಿ ನಮ್ಮಷ್ಟೇ. ಆದರೆ ಅಲ್ಲಿಯ ಕಾವಿಗೆ ಸೀಸ ಕರಗುತ್ತದೆ, ಗಾಳಿ ಸಮುದ್ರದ ತಳದ ನೀರಿನ ಹಾಗೆ ಮೈಮೇಲೆ ಕೂರುತ್ತದೆ. “ತೂಕ?” ಎಂದಳು ಅತ್ತೆ. ಇಲ್ಲಿಗಿಂತ ಸ್ವಲ್ಪವೇ ಕಮ್ಮಿ ಎಂದ. “ಬೇಡ ಬಿಡು, ಬೇಯೋದೂ ಬೇಯ್ಬೇಕು, ಮಂಡಿಗೂ ಲಾಭ ಇಲ್ಲ.” ಶನಿಯ ದೊಡ್ಡ ಚಂದ್ರ ಟೈಟನ್ ಹೇಗೆ ಎಂದ. ಕಿತ್ತಳೆ ಬಣ್ಣದ ಮಂಜು, ಎಣ್ಣೆಯಂಥ ದ್ರವದ ಕೆರೆಗಳು, ತೂಕ ನಮ್ಮ ಚಂದ್ರನಿಗಿಂತಲೂ ಕಮ್ಮಿ, ಗಾಳಿ ಎಷ್ಟು ದಪ್ಪ ಎಂದರೆ ಕೈಗೆ ರೆಕ್ಕೆ ಕಟ್ಟಿ ಬಡಿದರೆ ಮನುಷ್ಯ ಹಾರಬಹುದು. “ಹಾರೋದಾದ್ರೆ ಅದು ಹೈಜಂಪ್ ಹೇಗಾಗತ್ತೋ?” ಎಂದು ಕೊಕ್ಕರೆ ಮಗನನ್ನು ಗದರಿದರು.

“ಹಾಗಾದ್ರೆ ಮಂಗಳನ ಪುಟಾಣಿ ಚಂದ್ರ ಡೀಮೋಸ್! ಒಂದು ಊರಿನಷ್ಟು ದೊಡ್ಡ ಕಲ್ಲು ಅದು. ಅಲ್ಲಿ ಸುಮ್ನೆ ಜಿಗಿದ್ರೂ ಕಾಫಿ ಕುಡಿದು, ಪೇಪರ್ ಓದಿ ಮುಗಿಸೋ ಹೊತ್ತಿಗೆ ಕೆಳಗೆ ಬರ್ತೀರಿ. ತಾಕತ್ತಿರೋರು ಓಡಿ ಬಂದು ಜಿಗಿದ್ರೆ ಬರೋದೇ ಇಲ್ಲ.”

“ಬರೋದೇ ಇಲ್ದಿದ್ರೆ ಗೆದ್ದೋರು ಯಾರು ಅಂತ ಹೇಳೋದು ಯಾರು?” ಎಂದಳು ಅತ್ತೆ.

ಕೊನೆಗೆ ಮಂಗಳ ನಿಕ್ಕಿಯಾಯಿತು. ಚಂದ್ರನಷ್ಟು ಜಾರುವುದಿಲ್ಲ, ಭೂಮಿಯಷ್ಟು ನೋಯುವುದಿಲ್ಲ. ನಿಜವಾದ ಮಂಗಳದಲ್ಲಿ ಚಳಿ ಕೊರೆಯುತ್ತದೆ, ಉಸಿರಾಡಲು ಗಾಳಿಯಿಲ್ಲ, ಕೆಂಪು ಧೂಳು ಏಳುತ್ತದೆ ಎಂದು ಗ್ರಹಚಾರ ಹೇಳುತ್ತಲೇ ಇದ್ದ. ಇಬ್ಬರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಎರಡು ಕಂಬ ನಿಲ್ಲಿಸಿ, ಸ್ಪಂಜಿನ ಕೋಲು ಅಡ್ಡ ಇಟ್ಟು, ಆಚೆ ದಪ್ಪ ಹಾಸಿಗೆ ಹಾಸಿದೆವು. ನರ್ಸಮ್ಮ ಕುರ್ಚಿ ಎಳೆದುಕೊಂಡು ಮುಂದಿನ ಸಾಲಿಗೇ ಬಂದರು.

ಅತ್ತೆಯದು ಕತ್ತರಿ ಜಿಗಿತ. ಪಕ್ಕದಿಂದ ಬಂದು ಒಂದು ಕಾಲು, ಹಿಂದೆಯೇ ಇನ್ನೊಂದು ಕಾಲು, ಕತ್ತರಿ ಆಡಿಸಿದ ಹಾಗೆ. ಮೊದಲ ಸಲ ನೆಲಕ್ಕೆ ಕಾಲು ಒದ್ದಾಗ ಅವಳ ಮುಖದಲ್ಲಿ ನೋವಿಗೆ ಕಾಯುವ ಬಿಗಿ ಇತ್ತು. ನೋವು ಬರಲಿಲ್ಲ. ಹಾಸಿಗೆಯ ಮೇಲೆ ಇಳಿದವಳು ತನ್ನ ಮಂಡಿಯನ್ನು ತಾನೇ ತಟ್ಟಿ, “ಇದಕ್ಕೆ ಇಲ್ಲಿ ಇಪ್ಪತ್ತೆರಡೇ ವಯಸ್ಸು ಕಣ್ರೋ!” ಎಂದು ಕೂಗಿದಳು.

ಕೊಕ್ಕರೆಯದು ಬೇರೆ ಪದ್ಧತಿ. ಓಡಿ ಬಂದು, ಕೋಲಿನ ಮೇಲೆ ಹೊಟ್ಟೆ ಕೆಳಗಾಗಿ ಮಲಗಿದಂತೆ ತೇಲಿ, ಆ ಕಡೆಗೆ ಉರುಳುವುದು. ಆದರೆ ಉರುಳಿದ ಕೂಡಲೇ ಬೆನ್ನಿಗೆ ಕಟ್ಟಿದ ಹಗ್ಗ ಮೈಗೆ ಸುತ್ತಿಕೊಂಡು ಅವರನ್ನು ಅಡ್ಡಡ್ಡ ಎಳೆಯಿತು. ಕೋಲು ಬಿತ್ತು. ಮತ್ತೆ ಪ್ರಯತ್ನಿಸಿದರು, ಮತ್ತೆ ಬಿತ್ತು. ಉರುಳದೆ ಅತ್ತೆಯ ಹಾಗೆ ಕತ್ತರಿ ಆಡಿಸಲು ಹೋದರೆ ಉದ್ದನೆಯ ಕಾಲುಗಳು ಯಾವುದು ಮುಂದೆ, ಯಾವುದು ಹಿಂದೆ ಎಂದು ತಮ್ಮಲ್ಲೇ ಜಗಳವಾಡಿದವು.

“ಹಗ್ಗ ಸುತ್ಕೊಳ್ತಿದೆ,” ಎಂದರು ಕೊಕ್ಕರೆ.

“ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ!” ಎಂದಳು ಅತ್ತೆ.

ಕೊಕ್ಕರೆ ಪಟ್ಟಿ ಬಿಚ್ಚಿಸಿಕೊಂಡರು, ಊರುಗೋಲು ಇಸಿದುಕೊಂಡರು, “ಚೆನ್ನಾಗಿ ಜಿಗಿದೆ,” ಎಂದು ಅತ್ತೆಗೆ ಹೇಳಿ ಹೊರಟುಹೋದರು.

ಅವತ್ತು ಅತ್ತೆಗೆ ಆಕಾಶಕ್ಕೆ ಮೂರೇ ಗೇಣು. ಹಣ್ಣಿನ ಅಂಗಡಿಯವನಿಗೆ, ಮೇಲಿನ ಮನೆಯವರಿಗೆ, ನೀರಿನ ಮೀಟರ್ ನೋಡಲು ಬಂದವನಿಗೆ ಹೇಳಿದ್ದೇ ಹೇಳಿದ್ದು: ಮಂಗಳ ಗ್ರಹದಲ್ಲಿ ಚಿನ್ನ ತನಗೇ. ಆದರೆ ಊಟಕ್ಕೆ ಕೂತಾಗ ಅನ್ನ ಕಲಸುತ್ತಲೇ ಇದ್ದಳು, ಬಾಯಿಗಿಡಲಿಲ್ಲ.

“ಆ ಹಗ್ಗ ನಿಜವಾಗ್ಲೂ ಸುತ್ಕೊಳ್ತಾ?”

“ಸುತ್ಕೊಳ್ತು ಅತ್ತೆ. ಆ ಪಟ್ಟೀಲಿ ಯಾರೂ ಉರುಳೋಕಾಗಲ್ಲ.”

“ಮತ್ತೆ ಅಲ್ಲೇ ಹೇಳ್ಬಾರ್ದಾಗಿತ್ತಾ?”

“ನೀನು ಗಾದೆ ಹೇಳ್ತಿದ್ದೆಯಲ್ಲ.”

“ನೀನು ಇಷ್ಟು ವರ್ಷ ದೆವ್ವಗಳನ್ನ ಪಲ್ಟಿ ಹೊಡೆಸಿದೀಯ. ಅವಳು ಉರುಳೋ ಹಾಗೆ ಒಂದು ಪಟ್ಟಿ ಮಾಡಕ್ಕಾಗಲ್ವಾ?”

“ಮಾಡ್ಬಹುದು. ಆದ್ರೆ ಅವರು ಗೆದ್ದುಬಿಟ್ರೆ?”

“ಗೆಲ್ಲಲಿ. ಕಟ್ಟಿ ಹಾಕಿದವಳನ್ನ ಸೋಲಿಸಿ ನಾನು ಯಾರ ಮುಂದೆ ಕುಣೀಲಿ?” ಅತ್ತೆ ತುತ್ತು ಬಾಯಿಗಿಟ್ಟಳು. “ಬೇಗ ಮಾಡು. ಆ ನೀರಿನ ಮೀಟರ್‌ನವನು ಊರಿಗೆಲ್ಲ ಹೇಳ್ಕೊಂಡು ಬಂದಿರ್ತಾನೆ.”

ನಾಟಕದ ದಿನಗಳಲ್ಲಿ ಸುಳಿಗಾಳಿಯಂತೆ ತಿರುಗುವ ದೆವ್ವಕ್ಕೆಂದು ನಾನು ಒಂದು ಪಟ್ಟಿ ಮಾಡಿದ್ದೆ. ಬಳೆಯೊಳಗೆ ಬಳೆ. ಒಳಗಿನ ಬಳೆ ಸೊಂಟವನ್ನು ಅಪ್ಪಿಕೊಳ್ಳುತ್ತದೆ, ಹೊರಗಿನದು ಹಗ್ಗಕ್ಕೆ ತೂಗುತ್ತದೆ, ನಡುವೆ ಸಾಲಾಗಿ ಬೇರಿಂಗ್ ಗುಂಡುಗಳು. ಒಳಗಿನವರು ಎಷ್ಟು ಉರುಳಿದರೂ ಹೊರಗಿನ ಬಳೆ ಅಲ್ಲಾಡುವುದಿಲ್ಲ. ಹಗ್ಗವೂ ಬೆನ್ನಿಗೊಂದರ ಬದಲು ಎರಡೂ ಪಕ್ಕಕ್ಕೆ ಒಂದೊಂದು. ಅದನ್ನೇ ಮತ್ತೆ ಮಾಡಲು ಕುಳಿತೆ. ವೆಲ್ಡಿಂಗ್ ಮಾಡುವವನು ಮೊದಲ ಬಳೆಯನ್ನು ಮೊಟ್ಟೆಯಾಕಾರಕ್ಕೆ ಬಗ್ಗಿಸಿ ತಂದ. ಎರಡನೆಯದು ಸರಿಯಾಯಿತು, ಆದರೆ ತಿರುಗುವಾಗ ಕೀಚುಗುಟ್ಟುತ್ತಿತ್ತು. ಗ್ರೀಸ್ ಹಚ್ಚಿ, ಒಳಗೆ ದಪ್ಪ ಬಟ್ಟೆ ಹೊಲಿದು, ಮೊದಲು ನಾನೇ ತೊಟ್ಟು ನೋಡಿದೆ. ಗ್ರಹಚಾರ ನನ್ನನ್ನು ರೊಟ್ಟಿ ಮಗುಚಿದ ಹಾಗೆ ಮಗುಚಿದ. ಲೋಕವೆಲ್ಲ ಸುತ್ತಿತು, ಹಗ್ಗ ಮಾತ್ರ ಸುತ್ತಲಿಲ್ಲ.

ಕೊಕ್ಕರೆಗೆ ಫೋನ್ ಮಾಡಿದ್ದು ಅತ್ತೆಯೇ. ನನಗೆ ಕೇಳಿದ್ದು ಈ ಕಡೆಯ ಮಾತು ಮಾತ್ರ. “ನಾನು ಕಣೆ... ಯಾರು ಅಂದ್ರೆ? ಮಂಗಳ ಗ್ರಹದಿಂದ ಮಾತಾಡ್ತಿದೀನಿ... ಹೌದು, ನೆಲ ಡೊಂಕಾಗೇ ಇತ್ತು. ಸರಿ ಮಾಡ್ಸಿದೀನಿ, ಬಾ.”

ಕೊಕ್ಕರೆ ಬಂದರು. ಈ ಸಲ ಸುದ್ದಿ ಹಬ್ಬಿತ್ತು. ಟಿಕೆಟ್ ಕೌಂಟರಿನವರು, ತೋಟದವರು, ಕೊನೆಗೆ ನಿರ್ದೇಶಕರೂ ಬಂದು ಗೋಡೆಗೆ ಒರಗಿ ನಿಂತಿದ್ದರು. ಅತ್ತೆಗೆ ಹಳೆಯ ಪಟ್ಟಿ, ಕೊಕ್ಕರೆಗೆ ಹೊಸ ಬಳೆ. ಇಬ್ಬರಿಗೂ ಮಂಗಳದ ತೂಕ.

ಮೊದಲ ಎತ್ತರ ಇಬ್ಬರೂ ದಾಟಿದರು. ಎರಡನೆಯದನ್ನೂ ದಾಟಿದರು. ಕೊಕ್ಕರೆ ಹೊಸ ಬಳೆಗೆ ಇನ್ನೂ ಹೊಂದಿಕೊಳ್ಳುತ್ತಿದ್ದರು, ಒಮ್ಮೆ ಹಾಸಿಗೆಯ ಮೇಲೆ ಎರಡು ಸುತ್ತು ಹೆಚ್ಚಿಗೆ ಉರುಳಿ ನಗುತ್ತಾ ಎದ್ದರು. ಕೋಲನ್ನು ಗ್ರಹಚಾರನ ಗಲ್ಲದ ಮಟ್ಟಕ್ಕೆ ಏರಿಸಿದೆ. ಅತ್ತೆ ಬಂದಳು, ಚಿಮ್ಮಿದಳು, ಮೊದಲ ಕಾಲು ದಾಟಿತು. ಹಿಂದಿನ ಕಾಲಿನ ಹಿಮ್ಮಡಿ ಕೋಲಿಗೆ ತಾಗಿತು. ಇನ್ನೊಮ್ಮೆ ಬಂದಳು. ಮತ್ತೆ ಹಿಮ್ಮಡಿ. ಮೂರನೆಯ ಸಲ ಕೋಲು ಅಲುಗಾಡಿ, ಯೋಚನೆ ಮಾಡಿ, ಬಿತ್ತು.

ಕೊಕ್ಕರೆ ಒಂದೇ ಒಂದು ಸಲ ಓಡಿದರು. ಊರುಗೋಲಿನ ಹೆಂಗಸು ಎಲ್ಲಿ ಹೋದರೋ ಗೊತ್ತಿಲ್ಲ. ಉದ್ದುದ್ದ ಹೆಜ್ಜೆ ಹಾಕಿ ಬಂದು, ನೆಲ ಬಿಟ್ಟು, ಕೋಲಿನ ಮೇಲೆ ಗಾಳಿಯಲ್ಲಿ ಮಲಗಿದರು. ಮಂಗಳದಲ್ಲಿ ಎಲ್ಲವೂ ನಿಧಾನವಾದ್ದರಿಂದ ನಮಗೆ ಎಲ್ಲವೂ ಕಂಡಿತು: ಒಂದು ಕೈ ಮೊದಲು ದಾಟಿದ್ದು, ಭುಜ ಕೆಳಗಾದದ್ದು, ಉದ್ದನೆಯ ಮೈ ಕೋಲನ್ನು ಸುತ್ತಿ ಬಳ್ಳಿಯ ಹಾಗೆ ಹೊರಳಿದ್ದು, ಕೊನೆಯ ಪಾದ ಬೆರಳು ಮಡಚಿಕೊಂಡು ನುಸುಳಿದ್ದು. ಕೋಲು ಮಿಸುಕಲಿಲ್ಲ.

ಎಲ್ಲರೂ ಚಪ್ಪಾಳೆ ಹೊಡೆದರು. ಅತ್ತೆ ಹೊಡೆಯಲಿಲ್ಲ. ಅವಳು ಹಾಸಿಗೆಯ ಅಂಚಿನಲ್ಲಿ ಬಾಯಿ ತೆರೆದು ಕೂತಿದ್ದಳು.

“ಹೀಗೆ ಹೋಗ್ತಿದ್ಲಾ ಇವಳು?” ಎಂದು ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು. “ಆಗ ನಾನು ಒಂದು ಸಲಾನೂ ನೋಡಿರ್ಲಿಲ್ಲ ಕಣೆ. ಅವಳು ಓಡೋವಾಗೆಲ್ಲ ಕಣ್ಣು ಮುಚ್ಕೊಂಡು, ಬೀಳಲಿ ಬೀಳಲಿ ಅಂತ ಕೂತಿರ್ತಿದ್ದೆ.”

ಅವಳ ಕಣ್ಣು ತೇವವಾಗಿತ್ತು. ಅದು ಸೋಲಿನದೋ ಇನ್ನಾವುದರದೋ ಎಂದು ನಾನು ಕೇಳಲಿಲ್ಲ. ಕೇಳಲು ಅವಕಾಶವೂ ಇರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವಳು ಎದ್ದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಆಯ್ತು, ಮಂಗಳ ಅವಳದು. ಈಗ ಬುಧದಲ್ಲಿ ನೋಡ್ಕೋತೀನಿ! ಅದು ಇನ್ನೂ ಚಿಕ್ಕದಲ್ವೇನೋ?”

ಗ್ರಹಚಾರ ತಲೆ ಕೆರೆದುಕೊಂಡ. “ಚಿಕ್ಕದೇ ಅಮ್ಮಾ. ಆದ್ರೆ ಬುಧದ ಹೊಟ್ಟೆ ತುಂಬ ಕಬ್ಬಿಣ. ಗಾತ್ರ ಕಮ್ಮಿ, ಎಳೆತ ಜೋರು. ಅಲ್ಲೂ ನಿಮ್ಮ ತೂಕ ಮಂಗಳದಷ್ಟೇ.”

“ಅಷ್ಟೇ ಅಂದ್ರೆ?”

“ಅಷ್ಟೇ ಅಂದ್ರೆ ಅಷ್ಟೇ. ಅಲ್ಲೂ ನಮ್ಮಮ್ಮನೇ ಗೆಲ್ಲೋದು.”

“ಕುಳ್ಳಗಿದ್ರೂ ಹೊಟ್ಟೇಲಿ ಕಬ್ಬಿಣ,” ಎಂದರು ಕೊಕ್ಕರೆ ಹಾಸಿಗೆಯ ಮೇಲಿಂದ, ಇನ್ನೂ ಏದುಸಿರು ಬಿಡುತ್ತಾ. “ಯಾರ ತರಾನೋ ಇದೆ ಈ ಬುಧ.”

ಅತ್ತೆ ಮೊದಲು ನಕ್ಕಳು. ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ಅತ್ತೆ ಹೋಗಿ ಕೊಕ್ಕರೆಗೆ ಕೈ ಚಾಚಿ ಎಬ್ಬಿಸಿದಳು. ಇಬ್ಬರೂ ಮಂಗಳದ ತೂಕದಲ್ಲೇ ಇದ್ದುದರಿಂದ ಎಳೆತ ಸ್ವಲ್ಪ ಜೋರಾಗಿ, ಒಬ್ಬರ ಮೇಲೊಬ್ಬರು ತೂರಾಡಿ ಮತ್ತೆ ಹಾಸಿಗೆಗೇ ಬಿದ್ದರು.

ನಿರ್ದೇಶಕರು ಅಲ್ಲೇ ಹೇಳಿದರು, ಉದ್ಘಾಟನೆಗೆ ಬೇರೆ ಯಾರನ್ನೂ ಕರೆಯುವುದು ಬೇಡ, ಇವರಿಬ್ಬರೇ ಸಾಕು. ಉದ್ಘಾಟನೆಯ ದಿನ ಭಾಷಣ ಅರ್ಧಕ್ಕೇ ನಿಂತಿತು, ಏಕೆಂದರೆ ಜನ ಸಾಲುಗಟ್ಟಿದ್ದರು. ಎಲ್ಲರಿಗೂ ಬಳೆಯ ಪಟ್ಟಿಯೇ ಬೇಕು, ಎಲ್ಲರೂ ಚಂದ್ರನ ಮೇಲೆ ಪಲ್ಟಿ ಹೊಡೆಯಬೇಕು. ಇನ್ನೂ ನಾಲ್ಕು ಬಳೆ ಮಾಡಲು ನನಗೆ ಆಜ್ಞೆಯಾಯಿತು. ವೆಲ್ಡಿಂಗ್‌ನವನು ಈ ಸಲ ಎಲ್ಲವನ್ನೂ ಗುಂಡಗೇ ತಂದ.

ಸಂಜೆ ಬಾಗಿಲು ಹಾಕಿ ಹೊರಗೆ ಬಂದಾಗ ಅತ್ತೆ ಮತ್ತು ಕೊಕ್ಕರೆ ಕೇಂದ್ರದ ದೊಡ್ಡ ಮೆಟ್ಟಿಲುಗಳನ್ನು ಇಳಿಯುತ್ತಿದ್ದರು. ಒಬ್ಬಳ ಒಂದು ಕೈ ಕಂಬಿಯ ಮೇಲೆ, ಇನ್ನೊಬ್ಬರ ಒಂದು ಕೈ ಊರುಗೋಲಿನ ಮೇಲೆ. ಉಳಿದ ಎರಡು ಕೈ ಒಂದಕ್ಕೊಂದು ಹೆಣೆದುಕೊಂಡಿದ್ದವು. ಪ್ರತಿ ಮೆಟ್ಟಿಲಿಗೂ ನಿಂತು, ಯಾವ ಕಾಲು ಮೊದಲು ಎಂದು ಚರ್ಚೆ ಮಾಡಿ, ಇಳಿದು, ಮತ್ತೆ ನಿಲ್ಲುತ್ತಿದ್ದರು. ಸಹಾಯಕ್ಕೆಂದು ಗ್ರಹಚಾರ ಓಡಲು ಹೊರಟ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ.

“ಹುಷಾರು ಕಣೆ, ಇದು ಭೂಮಿ,” ಎನ್ನುತ್ತಿದ್ದರು ಕೊಕ್ಕರೆ.

“ಗೊತ್ತು ಬಿಡೆ, ನಾನೂ ಇಲ್ಲೇ ಹುಟ್ಟಿದ್ದು,” ಎಂದಳು ಅತ್ತೆ.